ತೋಳಿಲ್ಲ, ಕುತ್ತಿಗೆಯಿಲ್ಲ

ಹಗ್ಗ, ನೂಲು, ಗೋಣಿನಾರು ಹಿಡಿದು ಕೂತವಳನ್ನು ಕಂಡರೆ ಜನ ಸುಮ್ಮನೆ ಹಾದುಹೋಗುವುದಿಲ್ಲ. ನಿಂತು ಏನಾದರೂ ಕೇಳಿಯೇ ಕೇಳುತ್ತಾರೆ, ಕೇಳಿದ ಮೇಲೆ ಏನಾದರೂ ಆಗಿಯೇ ಆಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನಲ್ಲಿ ಡ್ರಾಯಿಂಗ್ ಟೀಚರ್. ಉಡಲೂ ಬಾರದ, ಹಾಸಲೂ ಬಾರದ, ಸೂರಿನಿಂದ ನೆಲದವರೆಗೆ ಇಳಿಬೀಳುವ ಒಂದು ನೇಯ್ಗೆ ಮಾಡುವ ಹುಚ್ಚು ಹಿಡಿದಿತ್ತು. ಕೋಲಾರದ ಕಲಾಪ್ರದರ್ಶನದಲ್ಲಿ ಅದು ಚಿತ್ರಗಳ ಜೊತೆಗೇ ತೂಗಬೇಕು, ಟೇಬಲ್ ಕ್ಲಾತ್‌ಗಳ ಪಕ್ಕದಲ್ಲಲ್ಲ ಎಂಬುದು ನನ್ನ ಆಸೆ.

ನಂಗಲಿಯ ಹಗ್ಗ

ಲಾರಿಗೆ ಲೋಡು ಬಿಗಿದು ಸವೆದ ಹಗ್ಗ ಬೇಕಾಗಿ ಆಂಧ್ರದ ಗಡಿಯಲ್ಲಿ ಲಾರಿಗಳು ನಿಲ್ಲುವ ನಂಗಲಿಗೆ ಹೋದೆ. ಟೀ ಕುಡಿಯುತ್ತಿದ್ದ ಡ್ರೈವರ್ ಒಬ್ಬರು, "ಹಳೇದ್ಯಾಕಮ್ಮಾ? ಅಂಗಡೀಲಿ ಹೊಸಾದು ಸಿಗ್ತದಲ್ಲ" ಎಂದರು.

"ಹೊಸಾದ್ರಲ್ಲಿ ನೀವು ಎಳೆದಿರೋ ಗುರುತು ಇರಲ್ವಲ್ಲ ಅಣ್ಣಾ."

ಅವರು ನನ್ನನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿದರು. ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಎಂದು ಹೇಳಿ, ನಾನು ಅಲ್ಲೇ ಕೂತು ಗಂಟು ಹಾಕಿ ತೋರಿಸಿದೆ. ಅವರು ಕಾಲು ಕೊಟ್ಟು ಜಗ್ಗಿದರು. ಜಪ್ಪಯ್ಯ ಎಂದರೂ ಸಡಿಲಲಿಲ್ಲ.

"ಬಾಗುಂದಮ್ಮಾ!" ಎಂದು ತೆಲುಗಿನಲ್ಲಿ ಮೆಚ್ಚಿ, ದನಿ ತಗ್ಗಿಸಿ ಕೇಳಿದರು: "ಸ್ಕೂಲು ಬಿಟ್ಬಿಡಿ. ಟೊಮೇಟೊ ಲೋಡಿಗೆ ಬರ್ತೀರಾ?"

ಅಜ್ಜಿಯ ಕನಿಕರ

ಪಕ್ಕದ ಮನೆಯ ಅರ್ಚಕರ ತಾಯಿ ದಿನಾ ಸಂಜೆ ಬಂದು ನೇಯ್ಗೆಯ ಮುಂದೆ ಕೂರುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: "ತೋಳು ಯಾವಾಗ ಶುರು ಮಾಡ್ತೀಯೇ?"

"ಇದಕ್ಕೆ ತೋಳು ಬರಲ್ಲ ಅಜ್ಜಿ."

"ಕುತ್ತಿಗೆ?"

"ಅದೂ ಇಲ್ಲ."

ಅಜ್ಜಿ ಕೆನ್ನೆಗೆ ಕೈಯಿಟ್ಟುಕೊಂಡರು. "ಅಯ್ಯೋ ಪಾಪ! ಯಾರಿಗಮ್ಮಾ ಇದು?"

ಸುಗಟೂರಿನ ಗೂಡು

ಹಗ್ಗದ ಎಳೆಗಳ ನಡುವೆ ಸಿಕ್ಕಿಸಲು ಸುಗಟೂರಿನ ಹುಳು ಸಾಕುವ ಅಕ್ಕ ಒಂದು ಬುಟ್ಟಿ ರೇಷ್ಮೆಗೂಡು ಕೊಟ್ಟಿದ್ದರು. ಗೂಡು ಕೊಂಡವರು ಅದನ್ನು ಬೇಯಿಸುತ್ತಾರೆ, ಒಳಗಿನ ಹುಳು ಅಲ್ಲಿಗೆ ಮುಗಿಯುತ್ತದೆ. ಟೀಚರ್ ಬೇಯಿಸಿಕೊಳ್ಳುತ್ತಾಳೆ ಎಂದು ಅಕ್ಕ, ಅಕ್ಕ ಬೇಯಿಸಿಯೇ ಕೊಟ್ಟಿದ್ದಾರೆ ಎಂದು ನಾನು.

ಕೋಲಾರದಲ್ಲಿ ಪ್ರದರ್ಶನದ ಕಾರ್ಯದರ್ಶಿ ತಕರಾರು ತೆಗೆದರು. "ಇದು ಕರಕುಶಲ ಕಣ್ರೀ, ಆ ಕಡೆ ಕೋಣೆ." ಕೊನೆಗೆ ಉದ್ಘಾಟಕರು ಹೇಳಿದಂತಾಗಲಿ ಎಂದಾಯಿತು. ಹಿರಿಯ ಚಿತ್ರಕಾರರಾದ ಅವರು, ಹೊದಿಸಿದ ಕೆಂಪು ಶಾಲಿನಲ್ಲೇ ನೇಯ್ಗೆಗೆ ಭುಜ ತಾಗುವಷ್ಟು ಹತ್ತಿರ ಬಂದು ನಿಂತರು.

"ಕೈಕೆಲಸವೇನೋ ಸೊಗಸು. ಆದ್ರೆ ಕಲೆ ಅನ್ನೋದು..."

ಅಷ್ಟರಲ್ಲಿ ಮೇಲಿನಿಂದ ಬಿಳಿ ಚಿಟ್ಟೆಯೊಂದು ರೆಕ್ಕೆ ಬಡಿಯುತ್ತಾ ಅವರ ಭುಜದ ಮೇಲೆ ಬಿತ್ತು. ಹಿಂದೆಯೇ ಇನ್ನೆರಡು. ಬೆಳಿಗ್ಗೆಯೇ ಗೂಡು ಕೊರೆದು ಬಂದು, ಹಗ್ಗದ ಮರೆಯಲ್ಲಿ ಜೋಡಿಯನ್ನೂ ಕಟ್ಟಿಕೊಂಡಿದ್ದವು. ಅವರು ಕೊಡವಲು ಕೈಯೆತ್ತಿದರು. ನೋಡಲು ಬಂದಿದ್ದ ಸುಗಟೂರಿನ ಅಕ್ಕ ಕೂಗಿದರು: "ಅಯ್ಯಯ್ಯೋ, ಅಲ್ಲಾಡ್ಬೇಡಿ ಸಾರ್! ಮೊಟ್ಟೆ ಇಡ್ತಾ ಐತೆ!"

ಉದ್ಘಾಟಕರು ಎತ್ತಿದ ಕೈ ಹಾಗೇ ನಿಲ್ಲಿಸಿದರು. ಅಕ್ಕ ಅವರನ್ನು ಮೆಲ್ಲಗೆ ಕುರ್ಚಿಗೆ ಕೂರಿಸಿದರು. ಸಭೆಯೆಲ್ಲ ಎದ್ದು ಬಂದು ಅವರ ಭುಜದ ಸುತ್ತ ಮುತ್ತಿಕೊಂಡಿತು. ಮೊದಮೊದಲು ಬೆವರಿದವರು ಆಮೇಲೆ ತಾವೇ ಕನ್ನಡಕ ಸರಿಮಾಡಿಕೊಂಡು, ಕತ್ತು ವಾಲಿಸಿ ನೋಡತೊಡಗಿದರು. ಶಾಲಿನ ಮೇಲೆ ಗಸಗಸೆಯಂಥ ಹಳದಿ ಮೊಟ್ಟೆಗಳು ಒಂದರ ಪಕ್ಕ ಒಂದು ಕೂರುತ್ತಿದ್ದವು.

ಕಾರ್ಯದರ್ಶಿ ಬಗ್ಗಿ ಕೇಳಿದರು: "ಸಾರ್, ಈ ನೇಯ್ಗೇನ ಕರಕುಶಲದ ಕೋಣೆಗೆ ಸಾಗಿಸ್ಲಾ?"

"ಅದನ್ನ ಮುಟ್ಬೇಡಿ, ಇಲ್ಲೇ ಇರ್ಲಿ," ಎಂದರು ಉದ್ಘಾಟಕರು, ಭುಜ ಅಲುಗಿಸದೆ. "ಕರಕುಶಲಕ್ಕೆ ಬೇಕಾದ್ರೆ ಈ ಶಾಲು ಕಳ್ಸಿ."