ನಾದಿನಿಯ ಎಲೆಕ್ಟ್ರಾನುಗಳು ನಮ್ಮನೆಗೆ ಬಂದ ಮೇಲೆ

ದೋಸೆ ಕಾವಲಿ ಮೇಲಿದೆ, ಮಗಳು ಸೊಂಟದ ಮೇಲಿದ್ದಾಳೆ, ಆಗಲೇ ಮತ್ತೆ ಕರೆ: “ಅತ್ಗೀ, ಐದೇ ನಿಮಿಷ ಬನ್ನಿ!” ನಾದಿನಿಯ ಐದು ನಿಮಿಷಕ್ಕೆ ನನ್ನ ಎರಡು ದೋಸೆ ಕರಟುತ್ತವೆ. ಈ ತಿಂಗಳಿಡೀ ಇದೇ ಕತೆ.

ಅವಳದು ಪಿಎಚ್‌ಡಿ. ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಕ್ವಾಂಟಂ ಚುಕ್ಕೆ ಎಂಬ ಎರಡು ಪುಟಾಣಿ ಗುಂಡಿಗಳಿವೆಯಂತೆ. ಎಲೆಕ್ಟ್ರಾನು ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ನೋಡುವುದು ಇವಳ ಕೆಲಸ. “ವಿಜ್ಞಾನ ಓದದ ಒಬ್ಬರಿಗೆ ಅರ್ಥ ಮಾಡಿಸು. ಆಗದಿದ್ದರೆ ಸೋಮವಾರದ ಸೆಮಿನಾರ್ ಆರು ತಿಂಗಳು ಮುಂದಕ್ಕೆ” ಎಂದಿದ್ದಾರೆ ಅವಳ ಗೈಡ್. ಹತ್ತನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟ ನಾನು ಸಿಕ್ಕಿಬಿದ್ದೆ.

ಫ್ರಿಡ್ಜು

ಕಡಲ ಬದಿಯ ಕೋಡಿಯಿಂದ ಮೀನಿನವರು ಬಂದಿದ್ದರು. ಬುಟ್ಟಿಯ ಐಸು ನೋಡಿದ್ದೇ ತಡ, ಇವಳು ಶುರು ಮಾಡಿದಳು: “ಇದೆಂತ ತಣ್ಣ! ನಮ್ಮ ಲ್ಯಾಬಿನ ಫ್ರಿಡ್ಜಿನಷ್ಟು ತಣ್ಣ ಈ ಊರಂಗೇ ಇಲ್ಲ.”

ಮೀನಿನವರ ಕಣ್ಣರಳಿತು. “ಎಷ್ಟ್ ಬುಟ್ಟಿ ಹಿಡಿತ್ತ್?”

“ಬುಟ್ಟಿ ಅಲ್ಲ, ಉಗುರಿಗಿಂತ ಸಣ್ಣ ಚಿಪ್ಪು ಇಡೂದು.”

“ಅಂಥ ಮೀನ್ ನಾನ್ ಬೆಕ್ಕಿಗೂ ಹಾಕುದಿಲ್ಲ ಮಾರಾಯ್ತಿ” ಎಂದು ಬುಟ್ಟಿ ಎತ್ತಿಕೊಂಡರು.

ಬಸ್ಸು

ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೊರಟಿದ್ದೆವು. ಬಸ್ಸಿನಲ್ಲೂ ಪಾಠ. “ಗುಂಡಿಲಿ ಒಂದ್ ಎಲೆಕ್ಟ್ರಾನ್ ಇದ್ರೆ ಅದು ಇನ್ನೊಂದನ್ನ ದೂಡ್ತ್. ಒಳಗಿದ್ದದ್ದು ಹೊರಗೆ ಹೋಪಲ್ಲಿವರೆಗೆ ಮತ್ತೊಂದಕ್ಕೆ ಜಾಗ ಇಲ್ಲ.”

ಅಷ್ಟರಲ್ಲಿ ಕೋಟ ಬಂತು. ಕಾಲಿಡಲು ಜಾಗವಿಲ್ಲದ ಬಸ್ಸಿಗೆ ಕಂಡಕ್ಟರ್ ಇನ್ನೂ ಹತ್ತು ಜನರನ್ನು ಹತ್ತಿಸಿದ. “ಹ್ವಾಯ್, ಹಿಂದೆ ಹೋಯ್ನಿ, ಜಾಗ ಇತ್ತ್!”

ನಾನೆಂದೆ: “ಇವನನ್ನ ನಿನ್ನ ಲ್ಯಾಬಿಗೆ ಕರ್ಕಂಡ್ ಹೋಗು. ಒಂದೇ ಗುಂಡಿಲಿ ನಲವತ್ತು ಎಲೆಕ್ಟ್ರಾನ್ ನಿಲ್ಸಿ, ಎಲ್ಲದಕ್ಕೂ ಟಿಕೆಟ್ ಹರೀತ.”

ಪರೀಕ್ಷೆ

ಶನಿವಾರ ಗೈಡ್ ವಿಡಿಯೋ ಕಾಲ್ ಮಾಡಿ ನನ್ನನ್ನೇ ಕೇಳಿದರು. “ಏನಮ್ಮಾ ಅರ್ಥವಾಯ್ತು?” ನಾದಿನಿಯ ಮುಖ ಸುಣ್ಣವಾಗಿತ್ತು.

“ಮದುವೆ ಊಟ ಸಾರ್” ಎಂದೆ. “ಉಂಬವರ ಕುರ್ಚಿಯ ಹಿಂದೆ ಇನ್ನೊಬ್ಬರು ಕಾದು ನಿಂತಿರ್ತಾರೆ. ಅವರು ಎದ್ದ ಮೇಲೇ ಇವರು ಕೂರೋದು. ಎರಡು ಗುಂಡಿ ಅಂದ್ರೆ ಪಕ್ಕಪಕ್ಕದ ಎರಡು ಕುರ್ಚಿ. ಎರಡೂ ಒಂದೇ ಎತ್ತರಕ್ಕಿದ್ರೆ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಜಾರಬಹುದು.”

“ತಣ್ಣಗೆ ಯಾಕಿರಬೇಕು?”

“ಫ್ಯಾನ್ ನಿಂತು ಸೆಖೆಯಾದ್ರೆ ಜನ ನುಗ್ತಾರೆ ಸಾರ್. ಯಾರು ಯಾವಾಗ ಕೂತ್ರು, ಯಾವಾಗ ಎದ್ರು ಗೊತ್ತಾಗೋದಿಲ್ಲ. ತಣ್ಣಗಿದ್ರೆ ಒಬ್ಬೊಬ್ಬರನ್ನೇ ಎಣಿಸಬಹುದು.”

ಅವರು ಬಿದ್ದು ಬಿದ್ದು ನಕ್ಕರು. “ಸೋಮವಾರ ಇದನ್ನೇ ಹೇಳಮ್ಮ” ಎಂದು ನಾದಿನಿಗೆ ಒಪ್ಪಿಗೆ ಕೊಟ್ಟರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟಕ್ಕೇ ಬಿಡಬೇಕಿತ್ತು. ಖುಷಿಯಲ್ಲಿ ಇನ್ನೊಂದು ಸೇರಿಸಿದಳು: “ಕುರ್ಚಿ ತೀರಾ ಹತ್ತಿರ ಇದ್ರೆ ಒಬ್ಬನೇ ಒಂದೇ ಹೊತ್ತಿಗೆ ಎರಡರಲ್ಲೂ ಕೂತ ಹಾಗೆ, ಅಲ್ವಾ ಸರ್?”

“ಹೌದು, ಹಾಗೇ” ಎಂದರು ಗೈಡ್.

ಅಷ್ಟು ಹೊತ್ತೂ ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ನಾದಿನಿಯತ್ತಲೂ ನೋಡಲಿಲ್ಲ, ಗೈಡಿನತ್ತಲೂ ನೋಡಲಿಲ್ಲ. ನನ್ನನ್ನೇ ನೋಡಿ ಕೇಳಿದರು:

“ಅಲ್ದಾ ಹೆಣೆ, ಒಬ್ನೇ ಎರಡೂ ಕುರ್ಚಿಲಿ ಕೂಕಂಡ್ರೆ, ಪಾಯ್ಸ ಯಾವ ಎಲಿಗೆ ಬಡ್ಸುದು?”