ಸೀಮಾಪಾಲನ ಸದಸ್ಯತ್ವ

"ಭಾವ, ಇದರ ಮುಂದೆ ನೊಣ ಹಾರಿದ್ರೂ ಯಾವ ಬೀದಿ ನೊಣ ಅಂತ ಹೇಳ್ತತಿ!" ಎಂದ ಹಾಲೇಶಿ. ನನ್ನ ಹೆಂಡತಿಯ ತಮ್ಮ. ಹಳೆಯ ವಾಷಿಂಗ್ ಮೆಷಿನ್ನಿಗೆ ಎರಡು ಕ್ಯಾಮೆರಾ, ಒಂದು ಉದ್ದನೆಯ ಕೈ, ಜೊತೆಗೆ ಸ್ವಂತ ಬುದ್ಧಿಯನ್ನೂ ಜೋಡಿಸಿ, ದಾವಣಗೆರೆಯ ನಮ್ಮ ಬೀದಿ ಶುರುವಾಗುವಲ್ಲಿ ನಿಲ್ಲಿಸಿದ್ದ. ಹೆಸರು ಸೀಮಾಪಾಲ. ನಾನು ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಹೆಂಡತಿ ಕೊಟ್ರಮ್ಮ ಮಾತು ಬಿಡುತ್ತಾಳೆ.

ಐದು ಬೀದಿಗಳ ವ್ಯಾಪಾರ ಒಕ್ಕೂಟದಿಂದ ನಾವು ಹೊರಬಂದದ್ದಕ್ಕೇ ಈ ಯಂತ್ರ ಬೇಕಾಯಿತು. ಬಿಡೋಣ ಎಂದವರು ನಲವತ್ತೊಂದು, ಬೇಡ ಎಂದವರು ಮೂವತ್ತೊಂಬತ್ತು. "ನಮ್ಮ ಬೀದಿ, ನಮ್ಮ ಕಾನೂನು" ಎಂದು ಕೂಗಿ ಗಂಟಲು ಕಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ. ಯಾಕೆ ಕೂಗಿದೆ ಎಂದು ಈಗ ಕೇಳಬೇಡಿ, ಸುಸ್ತಾಗಿದೆ.

ನನ್ನದು ಅಪ್ಪನ ಕಾಲದ ಮಂಡಕ್ಕಿ ಭಟ್ಟಿ, ಅದರ ಮುಂದೆ ಅಂಗಡಿ. ಮೆಣಸಿನಕಾಯಿ ಬಜ್ಜಿ ಪಕ್ಕದ ಬೀದಿಯ ದಾದಾಪೀರನದು. ಬಜ್ಜಿಯಿಲ್ಲದ ಮಂಡಕ್ಕಿಯನ್ನು ನಮ್ಮ ಊರಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಮೊದಲ ದಿನವೇ ಸೀಮಾಪಾಲ ಬಜ್ಜಿಯ ಬುಟ್ಟಿಗೆ ಕೈ ಹಾಕಿತು. "ಪರಬೀದಿ ಮಾಲು. ಹಿಟ್ಟಿನ ಮೂಲ ತಿಳಿಸಿ. ಎಣ್ಣೆಯ ಮೂಲ ತಿಳಿಸಿ. ಮೂರು ಪ್ರತಿ."

"ಅಣ್ಣಾ, ಅರ್ಜಿ ತುಂಬೋದ್ರೊಳಗೆ ಬಜ್ಜಿ ಆರಿ ಚಪ್ಪಲಿ ಆಗ್ತಾವೆ" ಎಂದು ದಾದಾಪೀರ ವಾಪಸು ಹೋದ.

ಮರುದಿನ ನನ್ನ ಭಟ್ಟಿಯ ಅಕ್ಕಿ ನಿಂತಿತು. ಅದರ ಮರುದಿನ ತವರಿನಿಂದ ಬರುತ್ತಿದ್ದ ಕೊಟ್ರಮ್ಮ ನಿಂತಳು. ಅವಳು ಹುಟ್ಟಿದ್ದು ಪಕ್ಕದ ಬೀದಿಯಲ್ಲಿ.

"ಏ ಹಾಲೇಶಿ, ಒಡಹುಟ್ಟಿದ ಅಕ್ಕನ್ನೇ ತಡಿತತೇನೋ ಇದು?"

"ಯಂತ್ರ ಪಕ್ಷಪಾತ ಮಾಡಲ್ಲಕ್ಕ."

"ನೀನೂ ಅಲ್ಲೇ ಹುಟ್ಟಿದವನಲ್ಲೇನೋ?" ಎಂದೆ ನಾನು. ಸೀಮಾಪಾಲನ ಕಿವಿಗೆ ಅದು ಬಿತ್ತು. ಉದ್ದನೆಯ ಕೈ ಹಾಲೇಶಿಯ ಕಾಲರ್ ಹಿಡಿದು ಅವನನ್ನು ಗಡಿಯಾಚೆ ಅಕ್ಕನ ಪಕ್ಕದಲ್ಲಿ ಇಳಿಸಿತು.

"ಆಫ್ ಮಾಡೋ ಅದನ್ನ" ಎಂದೆ.

"ಸ್ವಿಚ್ಚೇ ಇಟ್ಟಿಲ್ಲ ಭಾವ. ಯಾರಾದ್ರೂ ಲಂಚ ತಿಂದು ಆಫ್ ಮಾಡ್ತಾರೆ ಅಂತ."

ಹದಿನೈದು ದಿನದಲ್ಲಿ ಭಟ್ಟಿ ಆರಿತು. ಅಪ್ಪ ಸತ್ತ ದಿನವೂ ಆರದಿದ್ದ ಒಲೆ. ಅದರ ತಣ್ಣನೆಯ ಮಣ್ಣು ಮುಟ್ಟಿದಾಗ ನನಗೆ ಅಳುವೇ ಬಂತು.

ಕೊನೆಗೆ ಹಾಲೇಶಿ ಆಚೆಯಿಂದಲೇ ಕೂಗಿ ಹೊಸ ಆಜ್ಞೆ ಕೊಟ್ಟ. "ಸಾಮಾನು ಸಲೀಸಾಗಿ ಓಡಾಡಬೇಕು. ಏನು ಬೇಕಾದ್ರೂ ಮಾಡು!" ಸೀಮಾಪಾಲ ಇಡೀ ದಿನ ಗುಂಯ್‌ಗುಟ್ಟಿ, ಒಕ್ಕೂಟಕ್ಕೆ ಸದಸ್ಯತ್ವದ ಅರ್ಜಿ ಬರೆಯಿತು. ಬೀದಿಯ ಹೆಸರಿನಲ್ಲಲ್ಲ, ತನ್ನದೇ ಹೆಸರಿನಲ್ಲಿ. ಇಷ್ಟು ಅಚ್ಚುಕಟ್ಟಾಗಿ ತುಂಬಿದ ಅರ್ಜಿಯನ್ನು ಒಕ್ಕೂಟದವರು ಎಂದೂ ಕಂಡಿರಲಿಲ್ಲವಂತೆ. ಒಂದೇ ಸಭೆಯಲ್ಲಿ ಒಪ್ಪಿಬಿಟ್ಟರು.

ಈಗ ಒಕ್ಕೂಟದಲ್ಲಿ ನಾಲ್ಕು ಬೀದಿ, ಒಂದು ವಾಷಿಂಗ್ ಮೆಷಿನ್. ಸದಸ್ಯರ ಮಾಲಿಗೆ ತಡೆಯಿಲ್ಲ. ಬೇರೆ ದಾರಿ ಕಾಣದೆ ಭಟ್ಟಿಯನ್ನು ಅದರ ಹೆಸರಿಗೆ ಬರೆದುಕೊಟ್ಟೆ. ಅಕ್ಕಿ ಬರುತ್ತಿದೆ, ಬಜ್ಜಿ ಬರುತ್ತಿದೆ, ಒಲೆ ಉರಿಯುತ್ತಿದೆ. ನಾನು ಅಲ್ಲಿ ಕೂಲಿಗೆ ಮಂಡಕ್ಕಿ ಹುರಿಯುತ್ತೇನೆ. ಭಟ್ಟಿ ಈಗ ಒಕ್ಕೂಟದ ನೆಲವಾದ್ದರಿಂದ ಕೊಟ್ರಮ್ಮ ಅಲ್ಲಿಯವರೆಗೆ ಬರಬಹುದು, ಅದರ ಹಿಂದಿರುವ ನಮ್ಮ ಮನೆಯೊಳಗೆ ಕಾಲಿಡುವಂತಿಲ್ಲ.

ಬರುವ ವಾರ ಒಕ್ಕೂಟದ ಅಧ್ಯಕ್ಷರ ಚುನಾವಣೆ. ಸೀಮಾಪಾಲ ನಿಂತಿದೆ. ಯಜಮಾನನಾಗಿ ಕೆಟ್ಟದ್ದೇನಲ್ಲ, ಮತ ಹಾಕುತ್ತಿದ್ದೆ. ಆದರೆ ಒಕ್ಕೂಟದಲ್ಲಿ ನಮ್ಮಂಥ ಪರಬೀದಿಯವರಿಗೆ ಮತವಿಲ್ಲ.