ಅರವತ್ತು ಎಂಎಲ್ ಸಂಸಾರ

ಗಂಡನ ಕುಡಿತ ಬಿಡಿಸಲು ಹೆಂಡತಿಯರು ಏನೇನೋ ಮಾಡುತ್ತಾರೆ. ಕೆಲವರು ಉಪವಾಸ ಕೂರುತ್ತಾರೆ, ಕೆಲವರು ತವರಿಗೆ ಹೋಗುತ್ತಾರೆ, ಕೆಲವರು ಸಾರಿನಲ್ಲಿ ಯಾವುದೋ ಪುಡಿ ಬೆರೆಸುತ್ತಾರೆ. ವಾಡಿಯ ಲುಂಬಿನಿ ಟೀಚರ್ ಮಾತ್ರ ಗಂಡನಿಗೆ ಕೈಯಾರೆ ಮದ್ಯವನ್ನೇ ಬೆರೆಸಿಕೊಡಲು ಕಲಿತಳು. (ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು. ಪ್ರಯೋಗ ಮಾಡದೆ ಯಾವುದನ್ನೂ ನಂಬುವವಳಲ್ಲ.)

ಅವಳ ಗಂಡ ರಾಮಲಿಂಗ ಮೂವತ್ತನಾಲ್ಕು ವರ್ಷ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವನು. ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕುಳಿತು ಅಷ್ಟು ವರ್ಷ ತಿರುಗಿದ ಮನುಷ್ಯನಿಗೆ ಮಾತು ಕಡಿಮೆ. ಲುಂಬಿನಿಗೆ ಶಾಲೆಯಲ್ಲಿ ಎಷ್ಟು ಮಾತೋ ಮನೆಯಲ್ಲಿ ಅಷ್ಟು ಮೌನ. ಲಗ್ನವಾದ ಹೊಸದರಲ್ಲಿ ನಾಚಿಕೆಗೆಂದು ಇಬ್ಬರೂ ಅತ್ತೆ ಅನಸುಬಾಯಿಯ ಮೂಲಕ ಮಾತಾಡಿದರು. ಆಮೇಲೆ ನಾಚಿಕೆ ಹೋಯಿತು, ರೂಢಿ ಉಳಿಯಿತು.

"ಅತ್ತಿ, ನಿಮ್ಮ ಮಗಗ ಹೇಳ್ರಿ, ರೊಟ್ಟಿ ಆರಾಕತ್ತಾವ" ಎಂದು ಅವಳು ಹೇಳುವಾಗ ಮಗ ಮೂರು ಮೊಳ ದೂರದಲ್ಲೇ ಕುಳಿತಿರುತ್ತಿದ್ದ.

"ರಾಮ್ಯಾ, ರೊಟ್ಟಿ ಆರಾಕತ್ತಾವಂತ. ಹಿಟ್ಟು ಸುಮಾರ್ ಅದ, ಬಿಸಿ ಇದ್ದಾಗಲೇ ತಿಂದು ಮುಗಿಸು" ಎಂದು ಅನಸುಬಾಯಿ ತನ್ನದೂ ಒಂದಿಷ್ಟು ಸೇರಿಸಿ ಮುಟ್ಟಿಸುತ್ತಿದ್ದಳು.

"ಬಂದೆ ಅಂತ ಹೇಳವ್ವ ಅಕಿಗೆ."

ಹೀಗೆ ಮೂವತ್ತು ವರ್ಷ ನಡೆಯಿತು. ಮಕ್ಕಳಾಗಲಿಲ್ಲ. ಆ ದುಃಖವನ್ನೂ ಅವರು ಅನಸುಬಾಯಿಯ ಮೂಲಕವೇ ಆಡಿ ಮುಗಿಸಿದ್ದರು.

ಹೋದ ವರ್ಷ ಅನಸುಬಾಯಿ ತೀರಿಕೊಂಡಳು. ಅದೇ ತಿಂಗಳು ರಾಮಲಿಂಗ ನಿವೃತ್ತನಾದ. ಮನೆಯಲ್ಲಿ ಇಬ್ಬರೇ ಉಳಿದರು, ನಡುವೆ ಸುದ್ದಿ ಮುಟ್ಟಿಸುವವರು ಯಾರೂ ಇಲ್ಲ. ಲುಂಬಿನಿ ತಾಟು ತಂದಿಟ್ಟು ಒಂದು ಸಲ ಕೆಮ್ಮುತ್ತಿದ್ದಳು. ಅದು ಊಟಕ್ಕೆ ಬನ್ನಿ ಎಂದು. ಅವನು ಎರಡು ಸಲ ಕೆಮ್ಮುತ್ತಿದ್ದ. ಅದು ಬಂದೆ ಎಂದು. ಪಕ್ಕದ ಮನೆಯವರು ಇಬ್ಬರಿಗೂ ಕಫ ಆಗಿದೆಯೆಂದು ಶುಂಠಿ ಕಷಾಯ ತಂದುಕೊಟ್ಟರು.

ಮೂರು ತಿಂಗಳು ಕಳೆಯುವುದರಲ್ಲಿ ರಾಮಲಿಂಗ ಸಂಜೆ ಆರಕ್ಕೆ ಚಪ್ಪಲಿ ಮೆಟ್ಟಿ ಹೊರಗೆ ಹೋಗತೊಡಗಿದ. ಕಾಯಿಪಲ್ಲೆ ತರಲು ಹೋದ ಲುಂಬಿನಿ ಒಂದು ದಿನ ಕಣ್ಣಾರೆ ಕಂಡಳು: ಅವನು ಸ್ಟೇಶನ್ ರೋಡಿನ ಬಾರಿನ ಪರದೆ ಸರಿಸಿ ಒಳಗೆ ಹೋದ. ಎಂಟಕ್ಕೆ ಮನೆಗೆ ಬಂದಾಗ ಅಂಗಿಯಲ್ಲಿ ಹೆಂಡದ ವಾಸನೆ, ಬಾಯಲ್ಲಿ ಬಡೇಸೋಪು. ಕುಡುಕರು ಬಡೇಸೋಪು ಯಾಕೆ ಅಗಿಯುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಕೇಳಬೇಕೆನ್ನಿಸಿತು. ಯಾರ ಮೂಲಕ ಕೇಳುವುದು?

ಮೊಬೈಲಿನಲ್ಲಿ ಕುಡಿತ ಬಿಡಿಸುವ ಉಪಾಯ ಹುಡುಕುತ್ತಿದ್ದಾಗ ಒಂದು ವಿಡಿಯೋ ತಾನಾಗಿ ಎದುರಿಗೆ ಬಂತು. ಕೋಟು ಹಾಕಿದ ಗೃಹಸ್ಥನೊಬ್ಬ ಹೇಳುತ್ತಿದ್ದ: ಅವಸರದವರು ಕುಡಿಯುತ್ತಾರೆ, ತಿಳಿದವರು ಮನೆಯಲ್ಲಿ ಕುಳಿತು ಒಂದೇ ಗ್ಲಾಸನ್ನು ಒಂದು ತಾಸು ಸವಿಯುತ್ತಾರೆ. ಅದಕ್ಕೆ ನೂರು ವರ್ಷ ಹಳೆಯ ಕಾಕ್‌ಟೇಲ್‌ಗಳಿವೆ, ಒಂದೊಂದಕ್ಕೂ ಅಳತೆಯಿದೆ. ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಲುಂಬಿನಿಯ ತಲೆ ಓಡಿತು. ಮೊದಲ ವಾರ ಅರವತ್ತು ಎಂಎಲ್ ಮದ್ಯ, ಉಳಿದದ್ದು ಹಣ್ಣಿನ ರಸ. ಆಮೇಲೆ ಐವತ್ತು. ಆಮೇಲೆ ನಲವತ್ತು. ಎರಡು ತಿಂಗಳಿಗೆ ಗ್ಲಾಸಿನಲ್ಲಿ ಬರೀ ಮೋಸಂಬಿ ರಸ, ಗಂಡನಿಗೆ ಗೊತ್ತೇ ಇಲ್ಲದಂತೆ ವ್ಯಸನಮುಕ್ತಿ. ಇಷ್ಟು ಸರಳ ಸೂತ್ರ ದೇಶದ ದೊಡ್ಡ ದೊಡ್ಡ ತಜ್ಞರಿಗೆ ಹೊಳೆಯದೆ ಹೋದದ್ದಕ್ಕೆ ಅವಳಿಗೆ ಕನಿಕರವಾಯಿತು.

ತೊಡಕು ಒಂದೇ. ಪ್ರತಿ ಭಾನುವಾರ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳಿಕೊಡುವವಳು ಅವಳೇ. ಐದನೆಯ ಶೀಲ ಮದ್ಯ ಮುಟ್ಟಬಾರದೆನ್ನುತ್ತದೆ. ಎರಡು ದಿನ ಯೋಚಿಸಿ ಅವಳು ತೀರ್ಮಾನಕ್ಕೆ ಬಂದಳು: ಶೀಲ ಕುಡಿಯುವುದರ ಬಗ್ಗೆ ಹೇಳಿದೆ, ಕಲಸುವುದರ ಬಗ್ಗೆ ಹೇಳಿಲ್ಲ. ಹಾಗಾಗಿ ತಾನು ನಾಲಿಗೆಗೆ ಒಂದು ಹನಿಯನ್ನೂ ಸೋಕಿಸಬಾರದು. (ಅಂದರೆ ತಾನು ಕಲಸಿದ್ದರ ರುಚಿ ಹೇಗಿದೆಯೆಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.)

ವಾಡಿಯಲ್ಲಿ ಟೀಚರಮ್ಮ ಸೀಸೆ ಕೊಳ್ಳುವ ಮಾತೇ ಇಲ್ಲ. ಶನಿವಾರ ಮಧ್ಯಾಹ್ನ ರೈಲು ಹತ್ತಿ ಶಹಾಬಾದಿಗೆ ಹೋದಳು. ಮುಖದ ತುಂಬ ಸೆರಗು ಎಳೆದುಕೊಂಡು ಅಂಗಡಿಯ ಜಾಲರಿಯ ಮುಂದೆ ನಿಂತಳು. ಒಳಗಿದ್ದ ಮೀಸೆಯ ಮನುಷ್ಯ ಅವಳ ದನಿ ಕೇಳಿದ್ದೇ ಎದ್ದು ನಿಂತ.

"ಟೀಚರ್, ನಾ ಬೀರೇಶ ರಿ. ಹತ್ತನೇತ್ತಾ ಬಿ ಸೆಕ್ಷನ್. ನೀವೇನ್ರಿ ಇಲ್ಲಿ?"

"ಪ್ರಯೋಗಕ್ಕ ಬೇಕಾಗ್ಯಾದ" ಎಂದಳು ಲುಂಬಿನಿ. ಅದು ಸುಳ್ಳಲ್ಲ. "ಒಂದು ವಿಸ್ಕಿ, ಒಂದು ಜಿನ್. ಮತ್ತ ವರ್ಮೂತ್ ಅಂತ ಏನೋ."

"ಆ ಹೆಸರಿಂದು ನಮ್ಮ ಕಡೆ ಯಾರೂ ಕುಡಿಯಂಗಿಲ್ರಿ ಟೀಚರ್" ಎಂದು ಬೀರೇಶ ಎರಡು ಸೀಸೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಹೊರಗೆ ಬಂದು ಕೊಟ್ಟ. ಕೊಟ್ಟವನು ಅಲ್ಲೇ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ, ಭಕ್ತಿಯಿಂದ ಅವಳ ಕಾಲು ಮುಟ್ಟಿ ನಮಸ್ಕರಿಸಿದ. ಅವಳು ಮುಚ್ಚಿಕೊಂಡ ಸೆರಗು ವ್ಯರ್ಥವಾಯಿತು.

ಸೋಮವಾರ ಸಂಜೆ ಆರಕ್ಕೆ ರಾಮಲಿಂಗ ಚಪ್ಪಲಿಗೆ ಕಾಲು ಹಾಕುವಾಗ ಲುಂಬಿನಿ ಮೇಜಿನ ಮೇಲೆ ಗ್ಲಾಸು ತಂದಿಟ್ಟಳು. ವಿಸ್ಕಿ, ಸಕ್ಕರೆ, ಮೋಸಂಬಿ ಸಿಪ್ಪೆ. ವಿಡಿಯೋದಲ್ಲಿ ಎರಡು ಹನಿ ಕಹಿ ದ್ರಾವಣ ಎಂದಿದ್ದರು, ಅವಳು ಬೇವಿನ ಎಲೆ ಕುದಿಸಿ ಹಾಕಿದ್ದಳು. ಅದರ ಹೆಸರು ಓಲ್ಡ್ ಫ್ಯಾಶನ್ಡ್. ಹೆಸರಾದರೂ ಮನೆಗೆ ಹೊಂದುತ್ತಿತ್ತು.

"ಕುಂದ್ರಿ" ಎಂದಳು, ನೇರವಾಗಿ ಅವನಿಗೇ. "ಹೊರಗ ಹೋಗಬ್ಯಾಡ್ರಿ. ಕುಡಿಯೋದಾದ್ರ ನನ್ನ ಎದುರಿಗೆ ಕುಡೀರಿ."

ರಾಮಲಿಂಗ ಬಹಳ ಹೊತ್ತು ಗ್ಲಾಸನ್ನು ನೋಡಿದ. ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಕುಳಿತ. ಒಂದೇ ಗುಟುಕಿಗೆ ಕುಡಿದುಬಿಟ್ಟ. ಕಣ್ಣಲ್ಲಿ ನೀರು ದಳದಳ ಇಳಿಯಿತು. ಪಶ್ಚಾತ್ತಾಪ ಇಷ್ಟು ಬೇಗ ಬರುತ್ತದೆಂದು ಅವಳು ಎಣಿಸಿರಲಿಲ್ಲ.

"ಹೆಂಗ ಆಗ್ಯಾದ?"

"ಚಲೋ ಆಗ್ಯಾದ" ಎಂದ, ಉಸಿರು ಸಿಕ್ಕ ಮೇಲೆ.

ಅಂದಿನಿಂದ ಪ್ರತಿ ಸಂಜೆ ಪ್ರಯೋಗ ನಡೆಯಿತು. ಮಾರ್ಟಿನಿ ಎಂಬುದಕ್ಕೆ ವರ್ಮೂತ್ ಬದಲು ಜೀರಿಗೆ ನೀರು ಬಿತ್ತು, ವಿಡಿಯೋದ ಹಸಿರು ಆಲಿವ್ ಕಾಯಿಯ ಬದಲು ಉಪ್ಪಿನಕಾಯಿಯಿಂದ ತೆಗೆದು ತೊಳೆದ ನೆಲ್ಲಿಕಾಯಿ ಬಿತ್ತು. ವಿಸ್ಕಿ ಸೌರ್ ಎಂಬುದಕ್ಕೆ ತತ್ತಿಯ ಬಿಳಿ ಹಾಕಿ ಸ್ಟೀಲ್ ಡಬ್ಬಿಯಲ್ಲಿ ಕುಲುಕುವಾಗ ಮುಚ್ಚಳ ಹಾರಿತು. ಗೋಡೆಯ ಕ್ಯಾಲೆಂಡರಿನಲ್ಲಿ ಎರಡನೆಯ ವಾರ ಪೂರ್ತಿ ಅಂಟಿಕೊಂಡುಬಿಟ್ಟಿತು. ಅಳಿದುಳಿದದ್ದನ್ನು ರಾಮಲಿಂಗ ಕುಡಿದ. ಚಲೋ ಆಗ್ಯಾದ ಎಂದ.

ತಾನು ರುಚಿ ನೋಡುವಂತಿಲ್ಲವಾದ್ದರಿಂದ ಲುಂಬಿನಿ ಎದುರಿಗೆ ಕುಳಿತು ಪ್ರಶ್ನೆ ಕೇಳಲೇಬೇಕಾಗುತ್ತಿತ್ತು. ಹುಳಿ ಹೆಂಗದ, ಸಿಹಿ ಹೆಚ್ಚಾತೇನು. ಲಿಂಬೆಹಣ್ಣಿನ ಮಾತಿನಿಂದ ಅವನಿಗೆ ನಾಲವಾರ ಸ್ಟೇಶನ್ನಿನ ಹಿಂದಿದ್ದ ಲಿಂಬೆ ಗಿಡ ನೆನಪಾಯಿತು. ಇನ್ನೊಂದು ಸಂಜೆ, ಚಿತ್ತಾಪುರದ ಬಳಿ ಸಿಗ್ನಲ್ ಸಿಗದೆ ಗಾಡಿ ಒಂಬತ್ತು ತಾಸು ನಿಂತದ್ದು, ತಾನು ಹಳಿಯ ಪಕ್ಕದ ಹೊಲದ ತೊಗರಿಕಾಯಿ ತಿಂದು ಹೊಟ್ಟೆ ತುಂಬಿಸಿಕೊಂಡದ್ದು ಹೇಳಿದ. ಅವಳು ಶಾಲೆಯ ಸುದ್ದಿ ಹೇಳಿದಳು. ಮನೆಯಲ್ಲಿ ಕೆಮ್ಮು ನಿಂತಿತು.

ಆರನೆಯ ವಾರಕ್ಕೆ ಮದ್ಯ ಹತ್ತು ಎಂಎಲ್‌ಗೆ ಇಳಿಯಿತು. ಆ ಸಂಜೆ ರಾಮಲಿಂಗ ಗ್ಲಾಸು ಕೆಳಗಿಟ್ಟು ಮೊದಲ ಬಾರಿಗೆ ಚಲೋ ಬಿಟ್ಟು ಬೇರೆ ಮಾತು ಹೇಳಿದ.

"ಸಪ್ಪಗ ಆಗ್ಯಾದಲ್ಲ."

ಲುಂಬಿನಿಗೆ ಗಾಬರಿಯಾಯಿತು. ಸಪ್ಪಗಾದರೆ ಬಾರಿಗೆ ಹೋದಾನು. ಮರುದಿನ ನಲವತ್ತಕ್ಕೇರಿಸಿದಳು. ಎಂಟನೆಯ ವಾರ ಅರವತ್ತಕ್ಕೆ ಮರಳಿತು. ಪ್ರಯೋಗದಲ್ಲಿ ಇಂಥ ಹಿನ್ನಡೆ ಸಹಜವೆಂದು ಸಮಾಧಾನ ಮಾಡಿಕೊಂಡಳು. ಆದರೆ ಆರಾಗುವ ಮೊದಲೇ ಅವನು ಮೇಜಿನ ಹತ್ತಿರ ಕುಳಿತು ಅಡುಗೆಮನೆಯ ಕಡೆ ನೋಡತೊಡಗಿದ್ದ.

ಆ ಶುಕ್ರವಾರ ರಾಮಲಿಂಗ ಹಿತ್ತಲಲ್ಲಿದ್ದಾಗ ಬಾರಿನ ಹಳೆಯ ವೇಟರ್ ಅಂಬಾರಾಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ.

"ಟೀಚರ್, ಸೋಡಾ ಸಾಹೇಬ್ರಿಗೆ ಆರಾಮ ಇಲ್ಲೇನ್ರಿ?"

"ಯಾವ ಸೋಡಾ ಸಾಹೇಬ್ರು?"

"ನಿಮ್ಮ ಮಾಲಕರು ರಿ. ಎರಡು ತಿಂಗಳಾತು ಬಂದಿಲ್ಲ. ರಿಟೈರ್ ಡ್ರೈವರ್ ಅಮೃತಪ್ಪ ಸಾಹೇಬ್ರಿಗೆ ಶುಗರಿಗೆ ಕಣ್ಣು ಹೋಗ್ಯಾವಲ್ಲ, ಅವರಿಗೆ ಇವರೇ ದಿನಾ ಪೇಪರ್ ಓದಿ ಹೇಳ್ತಿದ್ರು. ಈಗ ಅವರು ಒಬ್ಬರೇ ಕುಂದುರ್ತಾರ."

"ಇವರು ಅಲ್ಲಿ ಏನು ಕುಡೀತಿದ್ರು?"

"ಸೋಡಾ ರಿ. ಒಂದು ಸೋಡಾ, ಒಂದು ಪ್ಲೇಟ್ ಶೇಂಗಾ, ಹೋಗುವಾಗ ಒಂದು ಚಿಟಿಕಿ ಬಡೇಸೋಪು. ನಮ್ಮಲ್ಲಿ ಕುಡೀದೇ ಇರೋ ಗಿರಾಕಿ ಅವರೊಬ್ಬರೇ. ಹೊಸಬರು ಬಂದ್ರ ನಾವು ಅವರನ್ನ ತೋರಸ್ತಿದ್ವಿ."

ಅಂಬಾರಾಯ ಹೋದ ಮೇಲೆ ಅವಳು ಮೇಜಿನ ಮುಂದೆ ಕುಳಿತಳು. ರಾಮಲಿಂಗ ಕೈ ತೊಳೆದುಕೊಂಡು ಒಳಗೆ ಬಂದ. ಆರಕ್ಕೆ ಐದು ನಿಮಿಷ ಇತ್ತು.

"ನೀವು ಕುಡೀತಿರ್ಲಿಲ್ಲಂತ."

"ಇಲ್ಲ" ಎಂದ ಅವನು. "ಜನ್ಮದಾಗ ಮುಟ್ಟಿದ್ದಿಲ್ಲ."

"ಮತ್ತ ಬಾರಿಗೆ ಯಾಕ ಹೋಗ್ತಿದ್ರಿ?"

"ಅಲ್ಲಿ ಮಂದಿ ಮಾತಾಡ್ತಾರ."

"ಮೊದಲನೇ ದಿನಾನೇ ಕುಡಿಯಂಗಿಲ್ಲ ಅಂತ ಹೇಳಾಕ ಏನಾಗಿತ್ತು ನಿಮಗ?"

"ಹೇಳಬೇಕಂದೆ. ಮೂವತ್ತು ವರ್ಷದಾಗ ಮೊದಲ ಸಲ ನಂಗ ಕುಂದ್ರಿ ಅಂದಿ. ಎದುರಿಗೆ ಕುಂತಿ. ನಾ ಕುಡಿಯಂಗಿಲ್ಲ ಅಂದಿದ್ರ ನೀ ಗ್ಲಾಸು ತಗೊಂಡು ಎದ್ದು ಹೋಗ್ತಿದ್ದಿ."

"ದಿನಾ ಚಲೋ ಆಗ್ಯಾದ ಅಂತಿದ್ರಲ್ಲ."

"ಒಂದೂ ಚಲೋ ಇರ್ಲಿಲ್ಲ." ರಾಮಲಿಂಗ ನೆಲ ನೋಡಿದ. "ಆ ತತ್ತಿದಂತೂ, ಏನ್ ಹೇಳ್ಲಿ. ಖರೆ ಈಗ ಹಂಗಲ್ಲ. ಆರು ಹೊಡೀತಂದ್ರ ಮೈ ಅದನ್ನೇ ಕೇಳ್ತದ."

ಲುಂಬಿನಿ ಎದ್ದು ಸೀಸೆಗಳಲ್ಲಿ ಉಳಿದಿದ್ದನ್ನೆಲ್ಲ ಬಚ್ಚಲಿಗೆ ಸುರಿದಳು. ಹಿಂತಿರುಗುವಷ್ಟರಲ್ಲಿ ಅವನು ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದ, ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಈ ಮನೆಯಲ್ಲಿ ಸಂಜೆ ಆರು ಎಂದರೆ ಗ್ಲಾಸು ಎಂದು ಅವಳೇ ಎಂಟು ವಾರ ಕಲಿಸಿದ್ದಳು. ವಾಡಿಯಲ್ಲಿ ಅವನಿಗೆ ಕುಡಿಯದೆ ಕೂರುವ ರೂಢಿಯಿದ್ದ ಜಾಗ ಒಂದೇ ಇತ್ತು, ಅದು ಬಾರು.

"ನಡೀರಿ, ಸೋಡಾ ಕುಡ್ದು ಬರಮು" ಎಂದಳು. ಅವನೊಬ್ಬನನ್ನೇ ಕಳಿಸಲು ಧೈರ್ಯವಾಗದೆ ತಾನೂ ಚಪ್ಪಲಿ ಮೆಟ್ಟಿದಳು.

ಬಾರಿನ ಮೂಲೆಯ ಮೇಜಿನಲ್ಲಿ ಅಮೃತಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ. ಅಂಬಾರಾಯ ಕೇಳದೆಯೇ ಎರಡು ಸೋಡಾ ತಂದಿಟ್ಟ. ರಾಮಲಿಂಗನ ಕೈ ನಡುಗಿ ಪೇಪರು ನಿಲ್ಲದಾದಾಗ ಲುಂಬಿನಿ ಅದನ್ನು ಇಸಿದುಕೊಂಡು ಓದತೊಡಗಿದಳು. ಓದಿದರೆ ಅವಳಿಗೆ ಬರುವುದು ಒಂದೇ ದನಿ, ಹಿಂದಿನ ಬೆಂಚಿಗೂ ಮುಟ್ಟುವ ದನಿ. ಬಾರು ಗಪ್ಪಾಯಿತು. ಕುಡಿದು ವಾಲಿದ್ದವರು ನೆಟ್ಟಗೆ ಕುಳಿತರು. ಒಬ್ಬ ಎದ್ದು ನಿಂತು, ಹೊರಗೆ ಹೋಗಿಬರಲೇ ಎಂದು ಕೈಯೆತ್ತಿ ಸನ್ನೆಯಲ್ಲಿ ಕೇಳಿದ. ಅವನು ಅವಳದೇ ಶಾಲೆಯ ಹುಡುಗಿಯೊಬ್ಬಳ ತಂದೆ.

ಸೋಮವಾರ ಹೆಡ್‌ಮಿಸ್ ನಗ್ಮಾ ಲುಂಬಿನಿಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ನಗ್ಮಾ ಮೃದು ಮಾತಿನವಳು.

"ಲುಂಬಿನಿ ಟೀಚರ್, ಬೇಜಾರ್ ಮಾಡ್ಕೋಬ್ಯಾಡ್ರಿ. ಅತ್ತಿ ತೀರಿಕೊಂಡ ಮ್ಯಾಲ ನೀವು ಭಾಳ ಕುಗ್ಗೀರಿ, ನಂಗ ಕಾಣ್ತದ. ಪೇರೆಂಟ್ಸ್ ಏನೇನೋ ಅಂತಾರ. ಬಾರಿನಾಗ ಅಂತ, ಶಹಾಬಾದಿನಾಗ ಸೀಸೆ ಅಂತ. ನಾ ನಂಬಿಲ್ಲ. ಖರೆ ಚಿತ್ತಾಪುರದಾಗ ಹತ್ತು ದಿನದ ಮದ್ಯ ಬಿಡಿಸೋ ಶಿಬಿರ ಅದ. ಯಾರಿಗೂ ಗೊತ್ತಾಗಂಗಿಲ್ಲ. ರಜಾ ನಾ ಕೊಡ್ತೀನಿ."

ಮೇಜಿನ ಮೇಲೆ ಶಿಬಿರದ ಅರ್ಜಿ ಇತ್ತು. ಹೆಸರು ಆಗಲೇ ಬರೆದಿತ್ತು, ಸಹಿ ಮಾತ್ರ ಬಾಕಿ. ಲುಂಬಿನಿ ನಿಜ ಹೇಳಲು ಬಾಯಿ ತೆರೆದಳು. ನಾನು ಹನಿ ಮುಟ್ಟಿದವಳಲ್ಲ, ಕುಡಿಯದ ಗಂಡನನ್ನು ಮನೆಯಲ್ಲಿ ಕೂರಿಸಿ ಎಂಟು ವಾರ ಕುಡಿಸಿದ್ದು ಮಾತ್ರ ನಾನು. ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿದಳು. ಊರು ಆಡುವ ಮಾತಿಗಿಂತ ನಿಜವೇ ಹೆಚ್ಚು ನಾಚಿಕೆಗೇಡಾಗಿತ್ತು.

ಸಹಿ ಮಾಡದೆ ಕಾಗದ ಮಡಚಿಕೊಂಡು ಮನೆಗೆ ತಂದಳು. ಆರರ ಹೊತ್ತಿಗೆ ರಾಮಲಿಂಗ ಅದನ್ನು ಎರಡು ಸಲ ಓದಿದ.

"ಬರೀ ನಿನ್ನ ಹೆಸರು ಅದಲ್ಲ" ಎಂದ.

"ಹೂಂ."

"ಕೆಳಗ ನಂದೂ ಬರಿ" ಎಂದು ಅವನು ಕಾಗದವನ್ನು ಅವಳ ಕಡೆ ಸರಿಸಿದ. "ಕುಡ್ದಂವ ನಾ ಅಲ್ಲೇನು."